ಮೈ ಸ್ವಲ್ಪ ಹೆಚ್ಚಾತು

ಮುಧೋಳದ ಬಸ್ಸು ಮಹಾಲಿಂಗಪುರ ದಾಟುವ ಹೊತ್ತಿಗೆ ಶಿವಗಂಗವ್ವ ಮೂರು ಸುಳ್ಳು ಹೇಳಿ ಮುಗಿಸಿದ್ದಳು. ಗಂಡ ಗಿರಿಮಲ್ಲಪ್ಪನಿಗೆ, ಮುಧೋಳದ ಚಿಗವ್ವನಿಗೆ ಆರಾಮಿಲ್ಲವಂತೆ, ನೋಡಿಕೊಂಡು ಬರುತ್ತೇವೆ ಎಂದು. ರಬಕವಿ ಸ್ಟ್ಯಾಂಡಿನಲ್ಲಿ ಎದುರಾದ ಪರಿಚಯದ ಹೆಂಗಸಿಗೆ, ಶುಕ್ರವಾರದ ನಿಶ್ಚಯಕ್ಕೆ ಒಂದೆರಡು ಸಾಮಾನು ತರುವುದಿದೆ ಎಂದು. ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಮಗಳು ದಾನಮ್ಮನಿಗೆ, ಅಶಕ್ತತೆಗೆ ಒಂದು ಟಾನಿಕ್ಕು ಬರೆಸಿಕೊಂಡು ಬರೋಣ ಎಂದು. ಮೂರನೆಯದೇ ಎಲ್ಲಕ್ಕಿಂತ ಸಲೀಸಾಗಿ ಬಾಯಿಂದ ಬಂದಿತ್ತು. ಹೆತ್ತ ಮಗಳಿಗೆ ಸುಳ್ಳು ಹೇಳುವಾಗ ನಾಲಗೆ ಒಂಚೂರೂ ತಡವರಿಸಲಿಲ್ಲವಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ಅಂಜಿಕೆಯಾಯಿತು. ವೈಶಾಖದ ಬಿಸಿಲಿಗೆ ಬಸ್ಸಿನ ತಗಡು ಕಾದು, ಕೂತವರೆಲ್ಲ ಸೆರಗಿನಿಂದ, ಟೊಪ್ಪಿಗೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ ದಾನಮ್ಮ ಉದ್ದ ತೋಳಿನ ಸ್ವೆಟರು ತೊಟ್ಟಿದ್ದಳು. ಕೇಳಿದರೆ ಥಂಡಿ ಎನ್ನುತ್ತಿದ್ದಳು. ಬಸ್ಸು ತಗ್ಗಿಗೆ ಬಿದ್ದು ಎದ್ದಾಗಲೆಲ್ಲ ಅವಳ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು, ಬಡಿದರೂ ಎಚ್ಚರವಾಗುತ್ತಿರಲಿಲ್ಲ. ತನ್ನ ಅಂಗೈಯನ್ನು ಆ ಸರಳಿಗೂ ಮಗಳ ತಲೆಗೂ ನಡುವೆ ಇಡಬೇಕೆಂದು ಶಿವಗಂಗವ್ವ ಎರಡು ಸಲ ಕೈ ಎತ್ತಿದಳು. ಎರಡು ಸಲವೂ, ಇದಕ್ಕೆಲ್ಲ ಕಾರಣ ಅದೇ ಆಗಿದ್ದರೆ, ಎಂದುಕೊಂಡು ಕೈಯನ್ನು ತಿರುಗಿ ತೊಡೆಯ ಮೇಲೆ ಇಟ್ಟುಕೊಂಡಳು.

ಅದು ಎಂಬುದಕ್ಕೆ ಅವಳು ಮನಸ್ಸಿನಲ್ಲಿ ಸಹ ಹೆಸರಿಟ್ಟಿರಲಿಲ್ಲ. ಹೆಸರಿಟ್ಟವಳು ಬಾಜೂ ಮನೆಯ ಸಾವಕ್ಕ, ಅವಳೂ ಅರ್ಧವನ್ನೇ ಹೇಳಿದ್ದಳು. ಹೋದ ಸೋಮವಾರ ಹಿತ್ತಲ ಗೋಡೆಯ ಮೇಲಿಂದ ಕರಿಬೇವು ಕೇಳುವ ನೆವದಲ್ಲಿ ಬಂದು, "ಯಕ್ಕಾ, ತಪ್ಪ ತಿಳಕೋಬ್ಯಾಡ. ನಿಮ್ಮ ದಾನವ್ವ ದಿನಾ ಉಂಡ ಮ್ಯಾಲೆ ಹಿತ್ತಲಕ್ಕ ಬಂದು ಕಾರಾಕತ್ತಾಳ. ನಾ ಯಾರ ಮುಂದೂ ಅಂದಿಲ್ಲ" ಎಂದಿದ್ದಳು. ಯಾರ ಮುಂದೂ ಅಂದಿಲ್ಲ ಎಂಬ ಮಾತು ಶಿವಗಂಗವ್ವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಅಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದಳು. ಮಗಳ ತಿಂಗಳ ಅರಿವೆಗಳು ಹಗ್ಗದ ಮೇಲೆ ಒಣಗಿ ಎಷ್ಟು ದಿನವಾಯಿತು? ಸಂಕ್ರಮಣದ ಮೊದಲು ಒಮ್ಮೆ. ಆಮೇಲೆ ನೆನಪಿಲ್ಲ. ನಾಲ್ಕು ತಿಂಗಳು. ಒಂದೇ ಸೂರಿನಡಿ ಇದ್ದು ನಾಲ್ಕು ತಿಂಗಳು ತಾನು ಏನು ನೋಡುತ್ತಿದ್ದೆ? ಅಲ್ಲಿಂದ ಮುಂದೆ ಎರಡು ದಿನ ಮನೆಗೆ ಬಂದುಹೋಗುವ ಗಂಡಸರ ಮುಖಗಳನ್ನೆಲ್ಲ ಒಂದೊಂದಾಗಿ ಎದುರಿಗೆ ತಂದು ನಿಲ್ಲಿಸಿಕೊಂಡಳು. ಗಂಡನ ನೂಲಿನ ಅಂಗಡಿಯ ಗುಮಾಸ್ತ. ಕುಪ್ಪಸದ ಅಳತೆ ತೆಗೆಯುವ ದರ್ಜಿ. ಮಾವಿನಹಣ್ಣಿನ ಬುಟ್ಟಿ ಹೊತ್ತು ಬೀಳಗಿಯಿಂದ ಬಂದಿದ್ದ ತನ್ನ ಸ್ವಂತ ಅಣ್ಣನ ಮಗ ನಿಂಗಣ್ಣ, ಅವನು "ಅತ್ತೀ, ದಾನಿ ಯಾಕ ಹಿಂಗ ಆಗ್ಯಾಳ?" ಎಂದು ಕೇಳಿದಾಗ ಆ ಪ್ರಶ್ನೆಯಲ್ಲಿ ಕಳ್ಳತನ ಹುಡುಕಿದಳು, ಚಹಾ ಸಹ ಕೊಡದೆ ಕಳಿಸಿದಳು. ಅವನು ಖಾಲಿ ಬುಟ್ಟಿ ಹಿಡಿದು ಅಂಗಳದಲ್ಲಿ ಒಂದು ಗಳಿಗೆ ನಿಂತು, ಏನೂ ತಿಳಿಯದವನಂತೆ ಚಪ್ಪಲಿ ಮೆಟ್ಟಿ ಹೋದ. ಆ ಬೆನ್ನು ಈಗ ಬಸ್ಸಿನ ಕಿಟಕಿಯಾಚೆ ಕಬ್ಬಿನ ಹೊಲಗಳ ಜೊತೆ ಓಡಿ ಬರುತ್ತಿತ್ತು.

ಹೋದ ವರ್ಷ ಇದೇ ಬಿಸಿಲಿನಲ್ಲಿ ಜಮಖಂಡಿಯಿಂದ ಬಸಗೊಂಡಪ್ಪನವರು ಹೆಣ್ಣು ನೋಡಲು ಬಂದಿದ್ದರು. ಚಿಮ್ಮಡದಲ್ಲಿ ಹೊಲ, ಜಮಖಂಡಿಯಲ್ಲಿ ಸ್ವಂತ ಮನೆ, ಮಗ ಬ್ಯಾಂಕಿನಲ್ಲಿ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಪಕ್ಕದ ಮಗ್ಗದ ಮನೆಯವರಿಗೆ ಒಂದು ತಾಸು ಯಂತ್ರ ನಿಲ್ಲಿಸಿರೆಂದು ಹೇಳಿ ಕಳಿಸಿದ್ದರು ಗಿರಿಮಲ್ಲಪ್ಪ. ದಾನಮ್ಮ ಹಸಿರು ಸೀರೆ ಉಟ್ಟು ಅವಲಕ್ಕಿಯ ತಾಟು ಹಿಡಿದು ಬಂದಾಗ ಶಿವಗಂಗವ್ವನಿಗೆ ಮಗಳ ಮೇಲೆ ದೃಷ್ಟಿ ತಾಗೀತೆಂದು ಅಳುಕಾಗಿತ್ತು; ದುಂಡು ಮುಖ, ತುಂಬಿದ ತೋಳು, ನಡೆದರೆ ನೆಲ ಒಪ್ಪಿಕೊಳ್ಳುವಂತಿದ್ದಳು. ಹುಡುಗನ ತಾಯಿ ತಾಯವ್ವ ಏನೂ ಅನ್ನಲಿಲ್ಲ. ಪುಣೆಯಿಂದ ಬಂದಿದ್ದ ಹುಡುಗನ ಅಕ್ಕ, ಬೆತ್ತದಂಥ ಹೆಂಗಸು, ತಾಟಿನ ಅವಲಕ್ಕಿಯನ್ನು ಚಮಚದಿಂದ ಬದಿಗೆ ಸರಿಸುತ್ತ, ಹುಡುಗಿ ಕೇಳುವಂತೆಯೇ, ಮಾರುಕಟ್ಟೆಯಲ್ಲಿ ಬಟ್ಟೆ ಮುಟ್ಟಿ ನೋಡಿದವರ ದನಿಯಲ್ಲಿ ಹೇಳಿದಳು: "ಮಾರಿಲೆ ಲಕ್ಷಣ ಅದಾಳ್ರಿ. ಮೈ ಸ್ವಲ್ಪ ಹೆಚ್ಚಾತು, ಅಷ್ಟ."

ಅಷ್ಟ. ಎಂಟು ದಿನ ಬಿಟ್ಟು ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಶಿವಗಂಗವ್ವನಿಗೆ ತಲೆಯೇ ತಿರುಗಿತ್ತು. ಬೀಳಗಿಯ ತನ್ನ ತವರಿನಲ್ಲಿ ಇದೇ ಲಗ್ನದ ಮಾತಿಗೆ ಮೂರು ತಿಂಗಳ ಮೊದಲಿನಿಂದ ಅವ್ವ ತನಗೆ ಬೆಣ್ಣೆ ಮೆತ್ತಿದ ರೊಟ್ಟಿ, ಅಂಟಿನ ಉಂಡಿ ತಿನ್ನಿಸಿದ್ದಳು. ಎಲುಬು ಕಾಣುವ ಹುಡುಗಿ ಹೋದ ಮನೆಗೆ ದರಿದ್ರ ಎಂದು, ಸಾಕಾತು ಬೇ ಎಂದು ಅತ್ತರೂ ತೊಡೆ ಚಿವುಟಿ ಇನ್ನೊಂದು ತುತ್ತು ತುರುಕಿದ್ದಳು. ಒಂದು ಸಲ ಕಾರಿಕೊಂಡಾಗ ಬೆನ್ನು ಸವರಿ, ಬಾಯಿ ತೊಳೆಸಿ, ಮತ್ತೆ ತಿನ್ನಿಸಿದ್ದಳು. ಕೊನೆಗೆ ಗಿರಿಮಲ್ಲಪ್ಪನ ತಾಯಿ ಬಂದು ಮುಂಗೈ ಹಿಡಿದು ನೋಡಿ, "ಮನಿ ತುಂಬತಾಳ" ಎಂದು ಒಪ್ಪಿದ್ದಳು. ಆ ಮುಂಗೈಯ ಮೇಲೆ ನಡೆದ ಸಂಸಾರ ಇದು. ಇಪ್ಪತ್ತೆರಡು ವರ್ಷದಲ್ಲಿ ಜನರ ಕಣ್ಣು ಯಾವಾಗ ಹೀಗೆ ತಿರುವುಮುರುವಾಯಿತು ಎಂಬುದು ಅವಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ, ಅದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ದಿನ ಸಹ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಮಗಳ ತಾಟಿನಿಂದ ಎರಡನೆಯ ರೊಟ್ಟಿಯನ್ನು ತಾನೇ ಎತ್ತಿ ಬುಟ್ಟಿಗೆ ಹಾಕಿದಳು. ತುಪ್ಪದ ಗಡಿಗೆಯನ್ನು ಮೇಲಿನ ಮಾಡಕ್ಕೆ ಏರಿಸಿದಳು. ಬಂದವರೆದುರು, "ನಮ್ಮ ದಾನವ್ವಗ ಇನ್ನ ಬಾಗಲಾ ಅಗಲ ಮಾಡಸಬೇಕು" ಎಂದು ನಗುತ್ತ ಹೇಳಿದಳು. ಬಂದವರು ನಕ್ಕರು. ದಾನಮ್ಮನೂ ನಕ್ಕಳು. ನಕ್ಕಿದ್ದಳು, ಅದು ಚೆನ್ನಾಗಿ ನೆನಪಿದೆ. ಆ ನಗೆ ಈಗ ನೆನಪಾದರೆ ಶಿವಗಂಗವ್ವನಿಗೆ ಬಸ್ಸಿನಿಂದ ಇಳಿದುಬಿಡಬೇಕೆನ್ನಿಸುತ್ತಿತ್ತು.

ಆಮೇಲೆ ಅವಳು ಏನನ್ನೂ ಎತ್ತಿಡಬೇಕಾಗಲಿಲ್ಲ. ಶ್ರಾವಣ ಬಂತು, ದಾನಮ್ಮ ಸೋಮವಾರದ ಉಪವಾಸ ಹಿಡಿದಳು. ಶ್ರಾವಣ ಹೋಯಿತು, ಸೋಮವಾರ ಹೋಗಲಿಲ್ಲ. ಗುರುವಾರ ಸೇರಿತು, ತಮ್ಮ ಮನೆತನದಲ್ಲಿ ಯಾರೂ ಮಾಡದ ಏಕಾದಶಿ ಸೇರಿತು. ಗುಡ್ಡಾಪುರದ ದಾನಮ್ಮ ದೇವಿಯ ಹೆಸರಿಟ್ಟುಕೊಂಡವಳು, ದೇವರ ಮೇಲೆ ಮನಸ್ಸು ಹೋಗಿದೆ ಎಂದು ಗಿರಿಮಲ್ಲಪ್ಪ ಹಿಗ್ಗಿದರು. ಅಡುಗೆಮನೆಯನ್ನು ಮಗಳೇ ಹಿಡಿದಳು. ಹೋಳಿಗೆ, ಕರ್ಚಿಕಾಯಿ, ಎಣ್ಣೆಗಾಯಿ. ಅಂಥ ರುಚಿ ಶಿವಗಂಗವ್ವನ ಕೈಗೂ ಇರಲಿಲ್ಲ. ಮಾಡಿ ಬಡಿಸಿ, ಬಾಗಿಲ ಚೌಕಟ್ಟಿಗೆ ಆತು ನಿಂತು, ಅಪ್ಪ ತುತ್ತು ಎತ್ತಿ ಬಾಯಿಗಿಟ್ಟು ನುಂಗುವುದನ್ನು ಕೊನೆಯವರೆಗೆ ನೋಡುತ್ತಿದ್ದಳು. ನೀ ಉಣ್ಣಲ್ಲೇನ ಎಂದರೆ, ಆಗಲೇ ಆತು ಎನ್ನುತ್ತಿದ್ದಳು. ಮೈ ಇಳಿಯಿತು. ಬಳಗದವರು ಒಬ್ಬರಾದ ಮೇಲೊಬ್ಬರು, ಏನ ಛಲೋ ಕಾಣತಾಳ ಎಂದರು. ಅಂದಾಗಲೆಲ್ಲ ತನ್ನ ಬೆನ್ನಿಗೆ ಯಾರೋ ಶಾಭಾಸ್ ಎಂದು ತಟ್ಟಿದಂತೆ ಶಿವಗಂಗವ್ವ ನೆಟ್ಟಗಾಗುತ್ತಿದ್ದಳು. ಹೋದ ತಿಂಗಳು ಜಮಖಂಡಿಯಲ್ಲಿ ಒಂದು ಲಗ್ನದ ಮನೆಯಲ್ಲಿ ಆ ಪುಣೆಯ ಅಕ್ಕ ದಾನಮ್ಮನನ್ನು ಕಂಡು, ಹತ್ತಿರ ಕರೆದು ಮಾತಾಡಿಸಿದ್ದಳು. ನಾಲ್ಕು ದಿನಕ್ಕೆ ಬಸಗೊಂಡಪ್ಪನವರಿಂದ ಮಾತು ಬಂತು: ಜಾತಕ ಇನ್ನೊಬ್ಬರಿಗೆ ತೋರಿಸಿದೆವು, ಕೂಡುತ್ತದೆ.

ಮುಧೋಳದ ಡಾಕ್ಟರಬಾಯಿಯವರ ದವಾಖಾನೆಯ ಕಟ್ಟೆಯ ಮೇಲೆ ಏಳೆಂಟು ಬಸುರಿಯರು ಕಾಲು ಚಾಚಿ ಕೂತಿದ್ದರು. ರಬಕವಿ, ಬನಹಟ್ಟಿ, ಜಮಖಂಡಿ, ಎಲ್ಲಿ ಹೋದರೂ ಗುರುತಿನವರು ಸಿಗುತ್ತಾರೆಂದೇ ಶಿವಗಂಗವ್ವ ಇಷ್ಟು ದೂರ ಬಂದಿದ್ದು. ಕೂರಲು ಜಾಗ ಮಾಡಿಕೊಟ್ಟ ಹೆಂಗಸು, ಎಲೆಯಡಿಕೆ ಜಗಿಯುತ್ತ, ದಾನಮ್ಮನ ಕಡೆಗೆ ಗದ್ದ ಎತ್ತಿ ಎಷ್ಟು ತಿಂಗಳು ಎಂದು ಕೇಳಿದಳು. ಶಿವಗಂಗವ್ವ ಕೇಳಿಸದವಳಂತೆ ಚೀಲದಲ್ಲಿ ಏನೋ ಹುಡುಕಿದಳು. ಆ ಹೊತ್ತಿಗೆ ಕಂಪೌಂಡರು ಚೀಟಿ ಬರೆಯಲು ಬಂದ. ಹೆಸರು? ದಾನಮ್ಮ ಬಾಯಿ ತೆರೆಯುವುದರೊಳಗೆ ಶಿವಗಂಗವ್ವ, "ತಾರವ್ವ" ಎಂದಳು. ಊರು? "ಬಾಡಗಂಡಿ." ಕಂಪೌಂಡರು ಬರೆದುಕೊಂಡು ಹೋದ. ದಾನಮ್ಮ ತಿರುಗಿ ತಾಯಿಯನ್ನು ನೋಡಿದಳು. ನಿದ್ದೆ, ಬಸ್ಸಿನ ಸುಸ್ತು ಎಲ್ಲ ಆ ಕಣ್ಣುಗಳಿಂದ ಒಮ್ಮೆಲೇ ಇಳಿದುಹೋಯಿತು. ಸುತ್ತಲಿನ ಹೊಟ್ಟೆಗಳನ್ನು ಒಂದೊಂದಾಗಿ ನೋಡಿದಳು, ಮತ್ತೆ ತಾಯಿಯನ್ನು ನೋಡಿದಳು. ಸ್ವೆಟರಿನ ತೋಳನ್ನು ಬೆರಳುಗಳ ತುದಿಯವರೆಗೆ ಎಳೆದುಕೊಂಡು, ತನ್ನದಲ್ಲದ ಹೆಸರನ್ನು ಕರೆಯುವವರೆಗೂ ಗೋಡೆಗೆ ಬರೆದ ಪೋಲಿಯೋ ಲಸಿಕೆಯ ಅಕ್ಷರಗಳನ್ನೇ ಓದುತ್ತ ಕೂತಳು. ಅವಳು ಜಗಳ ತೆಗೆದಿದ್ದರೆ, ಅತ್ತಿದ್ದರೆ, ಎದ್ದು ಹೋಗಿದ್ದರೆ ಚೆನ್ನಾಗಿತ್ತು ಎಂದು ಶಿವಗಂಗವ್ವನಿಗೆ ಅನ್ನಿಸಿತು. ಸುಮ್ಮನಿರುವುದು ತಪ್ಪಿತಸ್ಥರ ಲಕ್ಷಣವೋ, ತಪ್ಪಿಲ್ಲದವರದೋ? ಇಷ್ಟು ವಯಸ್ಸಾದರೂ ಅವಳಿಗೆ ಗೊತ್ತಿರಲಿಲ್ಲ.

ದಾನಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ತಾಯಿಯನ್ನು ಹೊರಗೆ ನಿಲ್ಲಿಸಿದರು. ಪರದೆಯ ಆಚೆ ಡಾಕ್ಟರಬಾಯಿಯವರ ದನಿ ಏನೋ ಕೇಳುತ್ತಿತ್ತು, ಮಗಳ ದನಿ ಇಲ್ಲ ಎನ್ನುತ್ತಿತ್ತು. ಮತ್ತೆ ಕೇಳಿತು. ಇಲ್ಲ. ಯಾರೂ ಇಲ್ಲ. ಶಿವಗಂಗವ್ವ ನಿಂತಲ್ಲೇ ಮಾಲಿಂಗರಾಯನಿಗೆ ಹರಕೆ ಹೊತ್ತಳು. ಹರಕೆಯ ಜೊತೆಜೊತೆಗೇ ಇನ್ನೊಂದು ಲೆಕ್ಕವನ್ನೂ ಅವಳ ಮನಸ್ಸು ಮಾಡುತ್ತಿತ್ತು. ಇವತ್ತು ಬುಧವಾರ. ಡಾಕ್ಟರಬಾಯಿ ಒಪ್ಪಿದರೆ ಇವತ್ತೇ. ನಾಳೆ ಒಂದು ದಿನ ಮಲಗಿದರೆ ಶುಕ್ರವಾರಕ್ಕೆ ಎದ್ದು ಕೂತಾಳು. ದೇವರೆದುರು ನಿಂತು ಹೀಗೆ ಲೆಕ್ಕ ಹಾಕುತ್ತಿರುವವಳು ತಾನೇ ಎಂದು ಅವಳಿಗೆ ತಿಳಿಯಿತು. ಆಗ ಒಳಗೆ ಕರೆದರು.

ಡಾಕ್ಟರಬಾಯಿ ಬೆಳಗಾವಿಯ ಕಡೆಯವರು, ನರೆಗೂದಲಿನ, ಸಣ್ಣ ದನಿಯ ಹೆಂಗಸು. ಕೈ ಒರೆಸಿಕೊಳ್ಳುತ್ತ, ಕೂಡ್ರಿ ಎಂದರು. ಶಿವಗಂಗವ್ವ ಕೂರಲಿಲ್ಲ.

"ನಿಮ್ಮ ಮಗಳ ಹೊಟ್ಯಾಗ ಏನೂ ಇಲ್ರಿ," ಎಂದರು ಅವರು. "ಕೂಸೂ ಇಲ್ಲ, ಕೂಳೂ ಇಲ್ಲ."

ಮೊದಲಿನ ಮಾತು ಕೇಳಿದ ಕೂಡಲೇ ಶಿವಗಂಗವ್ವ ಕುರ್ಚಿಯ ಬೆನ್ನು ಹಿಡಿದು ಕೂತು, ಎಪ್ಪಾ ಮಾಲಿಂಗರಾಯಾ ಎಂದು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆ ಉಸಿರಿನ ಸದ್ದು ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಕಣ್ಣು ತೆರೆದಾಗ ಎದುರಿಗೆ ಮೇಜಿನ ಅಂಚಿಗೆ ಮಗಳು ಕೂತಿದ್ದಳು. ಸ್ವೆಟರು ಬಿಚ್ಚಿತ್ತು. ಭುಜದ ಎಲುಬು ಎರಡು ಕಡೆ ಗೂಟದಂತೆ ಎದ್ದಿತ್ತು, ತೋಳಿನ ಮೇಲೆ ಎಳೆಗೂಸಿಗೆ ಇರುವಂಥ ನವಿರು ಕೂದಲು. ವರ್ಷದಿಂದ ಅವಳು ಈ ಮೈಯನ್ನು ಬರಿದಾಗಿ ನೋಡಿರಲಿಲ್ಲ. ಮಗಳು ಮಾತ್ರ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆ ಉಸಿರನ್ನು, ಆ ಸಮಾಧಾನವನ್ನು ಪೂರ್ತಿ ನೋಡಿ ಮುಗಿಸಿದಳು. ಎರಡನೆಯ ಮಾತು ಶಿವಗಂಗವ್ವನಿಗೆ ಆಗ ಮುಟ್ಟಿತು.

ಡಾಕ್ಟರಬಾಯಿ ಹೇಳಿದ್ದರಲ್ಲಿ ಅವಳಿಗೆ ನೆನಪುಳಿದದ್ದು ಕೆಲವೇ ಮಾತು. ತೂಕ ಮೂವತ್ತಾರು ಕಿಲೋ. ನಾಡಿ ನಿಧಾನವಾಗಿದೆ, ಎದೆ ಯಾವತ್ತಾದರೂ ಕೈಕೊಡಬಹುದು. ಉಂಡದ್ದನ್ನು ಬೆರಳು ಹಾಕಿ ಹೊರಗೆ ತೆಗೆಯುತ್ತಾಳೆ, ಅದಕ್ಕೇ ಬೆರಳ ಗೆಣ್ಣಿನ ಮೇಲೆ ಹಲ್ಲಿನ ಗಾಯ. ಮುಟ್ಟು ನಿಂತದ್ದೂ ಅದಕ್ಕೇ. ಮೈಗೆ ತಾನು ಉಳಿಯುವುದೇ ಕಷ್ಟವಾದಾಗ ಉಳಿದ ಕೆಲಸ ನಿಲ್ಲಿಸುತ್ತದೆ. ದೊಡ್ಡ ಊರುಗಳಲ್ಲಿ ಇಂಥ ಹುಡುಗಿಯರನ್ನು ನೋಡಿದ್ದೇನೆ, ಈ ಕಡೆಗೆ ಇವಳೇ ಮೊದಲು ಎಂದರು. ಇದು ಹಟವಲ್ಲ, ಸೊಕ್ಕಲ್ಲ, ಬೇನೆ. ಬೈದರೆ, ಹೊಡೆದರೆ, ಬಾಯಿಗೆ ತುರುಕಿದರೆ ಹೋಗುವುದಿಲ್ಲ. ಎಂಟು ದಿನಕ್ಕೊಮ್ಮೆ ಕರಕೊಂಡು ಬರಬೇಕು. ಮದುವೆಯ ಮಾತು ವರ್ಷದ ಮಟ್ಟಿಗೆ ಎತ್ತಬಾರದು. ಕೊನೆಗೆ ಅವರು ಕೇಳಿದರು, ಮಗಳು ಏನು ಉಣ್ಣುತ್ತಾಳೆ, ದಿನಕ್ಕೆ ಎಷ್ಟು? ಗಂಡನಿಗೆ ಎಷ್ಟು ಉಪ್ಪು ಬೇಕು, ಎಮ್ಮೆಗೆ ಎಷ್ಟು ಹಿಂಡಿ ಹಾಕಬೇಕು ಎಂಬುದನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು ಬಾಯಿ ತೆರೆದು ಕೂತಳು.

ಹೊರಗೆ ಬಂದಾಗ ದಾನಮ್ಮ ಕೇಳಿದ್ದು ಒಂದೇ. "ಸಮಾಧಾನ ಆತೇನು ನಿನಗ?" ಬಸ್ ಸ್ಟ್ಯಾಂಡಿನವರೆಗೆ ಅವಳು ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅಷ್ಟು ತೆಳ್ಳನೆಯ ಕಾಲುಗಳಿಗೆ ಅಷ್ಟು ಬಿರುಸು ಎಲ್ಲಿಂದ ಬಂತೋ, ಶಿವಗಂಗವ್ವ ಓಡುತ್ತ ಹಿಂದೆ ಹೋದಳು. ಬಸ್ಸಿನಲ್ಲಿ ಮಗಳು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದವಳು ಚಪ್ಪಲಿ ಬಿಟ್ಟು ಒಳಗೆ ಬರದೆ ನೇರವಾಗಿ ಹಿತ್ತಲಿನ ನೂಲಿನ ಗೋದಾಮಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಶಿವಗಂಗವ್ವ ಹೋಗಿ ನೋಡಿದರೆ, ನೂಲಿನ ಪೆಂಡಿ ತೂಗುವ ಕಾಟಾದ ಮೇಲೆ ಬರಿಗಾಲಿನಲ್ಲಿ ನಿಂತು, ಬಾಗಿ, ಕಬ್ಬಿಣದ ಗುಂಡನ್ನು ಬೆರಳ ತುದಿಯಿಂದ ಅತ್ತಿತ್ತ ಸರಿಸುತ್ತಿದ್ದಳು. ತಾಯಿಯನ್ನು ಕಂಡರೂ ಇಳಿಯಲಿಲ್ಲ. ಬಾಗಿಲ ಹಿಂದಿನ ಗೋಡೆಯ ಮೇಲೆ, ಪೆಂಡಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಮೇಲಿನಿಂದ ಕೆಳಗೆ ಅಂಕಿಗಳಿದ್ದವು. ಐವತ್ತೇಳರಿಂದ ಶುರುವಾಗಿ ಮೊಳಕಾಲಿನ ಮಟ್ಟಕ್ಕೆ ಇಳಿದು ಬಂದಿದ್ದವು. ಗೋದಾಮು ಗುಡಿಸುವಾಗ ಶಿವಗಂಗವ್ವ ಅವನ್ನು ಎಷ್ಟೋ ಸಲ ನೋಡಿದ್ದಳು. ಗಂಡನ ನೂಲಿನ ಲೆಕ್ಕ, ಅಳಿಸಬಾರದು ಎಂದು ಕಸಬರಿಗೆಯನ್ನು ಬದಿಗೆ ಸರಿಸಿ ಗುಡಿಸಿದ್ದಳು.

ಗುರುವಾರವಿಡೀ ಅವಳು ಒಂದು ಕಡೆ ನಿಲ್ಲಲಿಲ್ಲ. ಗೋಧಿ ಹಸನು ಮಾಡಲು ಕೂತು ಅರ್ಧಕ್ಕೆ ಎದ್ದಳು. ಗಂಡನಿಗೆ ಎಲ್ಲ ಹೇಳಿದಳು. ಏಕೆ ಹೋದದ್ದು ಎಂಬುದೊಂದನ್ನು ಬಿಟ್ಟು. ಗಿರಿಮಲ್ಲಪ್ಪ ಕೆಟ್ಟವರಲ್ಲ. ಮಗಳನ್ನು ಕರೆದು ತಲೆ ಸವರಿ, ಉಣ್ಣಬೇಕವ್ವಾ ಎಂದರು. ಆಮೇಲೆ ಹೆಂಡತಿಗೆ, ಲಗ್ನವಾಗಿ ಹೊಸ ಮನೆಗೆ ಹೋದರೆ ಮನಸ್ಸು ಹೊರಳುತ್ತದೆ, ನಾಳೆ ಅವರು ಬರುವ ಹೊತ್ತಿಗೆ ಇದೆಲ್ಲ ಬಾಯಿಗೆ ತರಬೇಡ, ಬಳಗ ಕೂಡಿರುತ್ತದೆ ಎಂದರು. ಶಿವಗಂಗವ್ವ ಹೂಂ ಎಂದಳು. ಅನ್ನುವಾಗ ಅವಳಿಗೂ ಹಾಗೆಯೇ ಅನ್ನಿಸಿತು. ಎಷ್ಟೋ ಹುಡುಗಿಯರು ತೆಳ್ಳಗಿದ್ದಾರೆ, ಹಡೆದ ಮೇಲೆ ಮೈ ತುಂಬುತ್ತದೆ, ಡಾಕ್ಟರಬಾಯಿಗೆ ಲಗ್ನವಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು. ಹೀಗೆ ಒಂದೊಂದೇ ಮಾತು ಹಚ್ಚಿ ಮನಸ್ಸಿಗೆ ತೇಪೆ ಹಾಕುತ್ತಿದ್ದಂತೆ, ಮೇಜಿನ ಅಂಚಿಗೆ ಕೂತ ಆ ಭುಜದ ಎಲುಬು ತೇಪೆಯನ್ನು ಒಳಗಿನಿಂದ ಚುಚ್ಚಿ ಹರಿಯುತ್ತಿತ್ತು.

ಶುಕ್ರವಾರ ಹತ್ತೂವರೆಗೆ ಬಸಗೊಂಡಪ್ಪನವರು ಹದಿನೆಂಟು ಜನರೊಂದಿಗೆ ಬಂದರು. ಪಡಸಾಲೆ ತುಂಬಿತು. ದಾನಮ್ಮ ತಾನಾಗಿಯೇ ಸೀರೆ ಉಟ್ಟು, ಸಡಿಲಾದ ಕುಪ್ಪಸಕ್ಕೆ ಒಳಗೆ ಎರಡು ಪಿನ್ನು ಚುಚ್ಚಿಕೊಂಡು, ಮುಖಕ್ಕೆ ಪೌಡರು ಹಾಕಿಕೊಂಡು ತಯಾರಾಗಿದ್ದಳು. ಅವಳ ಕಣ್ಣಲ್ಲಿ ಪರೀಕ್ಷೆ ಬರೆದು ಫಲಿತಾಂಶ ನೋಡಲು ಹೋಗುವವರ ಹೊಳಪಿತ್ತು. ಹುಡುಗನ ಮುಖವನ್ನು ಅವಳು ನೋಡಲೇ ಇಲ್ಲ, ಶಿವಗಂಗವ್ವ ಗಮನಿಸಿದಳು. ನೋಡುತ್ತಿದ್ದುದು ಪುಣೆಯ ಅಕ್ಕನನ್ನು. ಆ ಹೆಂಗಸು ದಾನಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಂಗೈಗೆ ತನ್ನ ಹೆಬ್ಬೆರಳು ಕಿರುಬೆರಳು ಸುತ್ತಿ ಕೂಡಿಸಿ, ನೆರೆದ ಹೆಂಗಸರಿಗೆಲ್ಲ ತೋರಿಸಿ ಹೇಳಿದಳು, "ಈಗ ನೋಡ್ರಿ, ಎಷ್ಟ ಛಲೋ ಆಗ್ಯಾಳ. ಇನ್ನ ಹಿಂಗ ಇಟಗೊಂಡ ಹೋಗಬೇಕ ನೋಡ, ತಂಗಿ."

ದಾನಮ್ಮ ನಕ್ಕಳು. ವರ್ಷದ ಹಿಂದೆ ಬಾಗಿಲು ಅಗಲ ಮಾಡಿಸುವ ಮಾತಿಗೆ ನಕ್ಕ ಹಾಗೆಯೇ ನಕ್ಕಳು. ಸಕ್ಕರೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವನಿಗೆ ತಾನು ಮಾತಾಡುತ್ತೇನೆಂದು ಗೊತ್ತಿರಲಿಲ್ಲ. "ಹಿಂಗ ಇಟಗೊಂಡ ಹೋದ್ರ ಸಾಯತಾಳ್ರಿ," ಎಂದಳು. ದನಿ ಏರಿರಲಿಲ್ಲ. ಆದರೂ ಗಂಡಸರ ಕಡೆಯ ಮಾತೂ ನಿಂತಿತು. ಗಿರಿಮಲ್ಲಪ್ಪ ಅರ್ಧ ಎದ್ದು ನಿಂತರು. ಅವಳು ತಾಟನ್ನು ನೆಲಕ್ಕಿಟ್ಟು, ಮಗಳಿಗೆ ಬೇನೆ ಇದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಮುಧೋಳದಲ್ಲಿ ತೋರಿಸಿದ್ದೇವೆ, ವರ್ಷದ ಮಟ್ಟಿಗೆ ಲಗ್ನ ಮಾಡುವುದಿಲ್ಲ, ತಪ್ಪಾಯಿತು ಎಂದು ಹೇಳಿ ಕೈ ಮುಗಿದಳು. ತಾಯವ್ವ, ಇಷ್ಟೂ ದಿನ ಮಾತೇ ಆಡದವಳು, ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು ದಾನಮ್ಮನ ಕಡೆಗೊಮ್ಮೆ ನೋಡಿ ಹೋದಳು. ಸಕ್ಕರೆಗೆ ಇರುವೆ ಹತ್ತುವವರೆಗೂ ತಾಟನ್ನು ಯಾರೂ ಎತ್ತಲಿಲ್ಲ.

ಬೇನೆ ಎಂಬ ಮಾತು ಜಮಖಂಡಿ ಮುಟ್ಟುವ ಹೊತ್ತಿಗೆ ಕ್ಷಯರೋಗವಾಯಿತು. ಬನಹಟ್ಟಿಗೆ ಬರುವಾಗ ಮತ್ತೊಂದಾಗಿತ್ತು. ಸಾವಕ್ಕ ಯಾರ ಮುಂದೂ ಅಂದಿರಲಿಲ್ಲವಲ್ಲ. ಗಿರಿಮಲ್ಲಪ್ಪ ಹೆಂಡತಿಯೊಡನೆ ಮಾತು ಬಿಟ್ಟು ಊಟವನ್ನು ಅಂಗಡಿಗೆ ತರಿಸಿಕೊಂಡರು. ಇದನ್ನೆಲ್ಲ ಶಿವಗಂಗವ್ವ ಹೊರಬಲ್ಲವಳಾಗಿದ್ದಳು. ಹೊರಲಾಗದ್ದು ಮಗಳು ಅಂದ ಮಾತು. ಬಂದವರು ಹೋದ ಮೇಲೆ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚುತ್ತ, ತಾಯಿಯ ಕಡೆ ನೋಡದೆ, "ಅವರ ಬಾಯಿಲೆ ಛಲೋ ಅನಸಾಕ ನನಗ ಒಂದ ವರ್ಷ ಹಿಡೀತು. ನೀ ಒಂದ ಮಾತಿನ್ಯಾಗ ಕೆಡಸಿದಿ" ಎಂದಿದ್ದಳು. ಮುಂದೆ ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಶಿವಗಂಗವ್ವ ಬಾಗಿಲ ಹೊರಗೆ ಕೂತಳು. ಒಳಗೆ ಉಸಿರಾಡುವ ಸದ್ದು ಕೇಳುತ್ತದೋ ಎಂದು ಹಲಗೆಗೆ ಕಿವಿ ಹಚ್ಚಿದಳು. ತಾನು ಮಾಡಿದ್ದು ಸರಿಯೆಂಬ ಧೈರ್ಯ ಶುಕ್ರವಾರ ಆ ಒಂದು ಗಳಿಗೆಗೆ ಮಾತ್ರ ಇತ್ತು. ಈಗ, ಮಗಳ ಕೈಯಿಂದ ಮೊದಲು ರೊಟ್ಟಿಯನ್ನೂ ಆಮೇಲೆ ಗೆಲುವನ್ನೂ ಕಸಿದುಕೊಂಡವಳು ತಾನೇ ಎಂದು, ಎರಡೂ ತಪ್ಪು ಒಂದೇ ಕೈಯವು ಎಂದು ಅನ್ನಿಸುತ್ತಿತ್ತು.

ರವಿವಾರ ಮಧ್ಯಾಹ್ನ ದಾನಮ್ಮ ಚಿಲಕ ತೆಗೆದು ನೀರಿಗೆಂದು ಹೊರಗೆ ಬಂದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಡಾಕ್ಟರಬಾಯಿ ಹೇಳಿದಂತೆ ಶಿವಗಂಗವ್ವ ಜೋಳದ ನುಚ್ಚು ತೆಳ್ಳಗೆ ಕುದಿಸಿ, ಮಜ್ಜಿಗೆ ಕಲಸಿ, ಬಟ್ಟಲಲ್ಲಿ ತಂದು ನೆಲಕ್ಕಿಟ್ಟಳು. ಉಣ್ಣು ಎನ್ನಲಿಲ್ಲ. ಎದುರಿಗೆ ಕೂತಳು. ದಾನಮ್ಮ ಗೋಡೆಗೆ ಒರಗಿ ಜಾರಿ ಕೂತಳು. ಓಣಿಯಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಆ ಓಣಿಯಲ್ಲಿ ಅಂಥ ಮೌನ ಅಪರೂಪ, ಕಿವಿಗೆ ಬರಿದಾದಂತೆ ಅನ್ನಿಸುತ್ತದೆ.

"ಯವ್ವಾ, ನಾ ಖರೇನ ಬಸರಾಗಿದ್ರ ಏನ ಮಾಡ್ತಿದ್ದಿ?"

ಶಿವಗಂಗವ್ವನ ಬಾಯಿಗೆ ಹತ್ತು ಉತ್ತರ ಬಂದವು. ಎದೆಗೆ ಅವಚಿಕೊಳ್ಳುತ್ತಿದ್ದೆ. ಯಾರು ಎಂದು ಕೇಳಿ ಅವನಿಗೇ ಕೊಟ್ಟು ಲಗ್ನ ಮಾಡುತ್ತಿದ್ದೆ. ನೀ ನನ್ನ ಮಗಳು, ಬಿಡುತ್ತಿದ್ದೆನೇನು. ಎಲ್ಲವೂ ಸಲೀಸಾಗಿ ನಾಲಗೆಯ ತುದಿಗೆ ಬಂದು ನಿಂತವು, ಬುಧವಾರ ಬಸ್ಸಿನಲ್ಲಿ ಟಾನಿಕ್ಕಿನ ಮಾತು ಬಂದ ಹಾಗೆ. ಆ ಸಲೀಸಿಗೇ ಅವಳು ಅಂಜಿದಳು. ಮಗಳ ಕಣ್ಣು ತನ್ನ ಮುಖದ ಮೇಲಿತ್ತು, ದವಾಖಾನೆಯಲ್ಲಿ ಇದ್ದಂತೆ.

"ತಗಸಿ, ಶುಕ್ರವಾರ ಸೀರಿ ಉಡಿಸಿ ಅವರ ಮುಂದ ಕುಂದರಸ್ತಿದ್ನಿ," ಎಂದಳು. "ನಿಂತಲ್ಲೇ ಲೆಕ್ಕಾ ಹಾಕಿದ್ನಿ. ನಿನಗ ಎಷ್ಟ ಬ್ಯಾನಿ ಆಕ್ಕೇತಿ ಅಂತ ಹಾಕಲಿಲ್ಲ. ಎದ್ದ ಕುಂದರ್ತಾಳೊ ಇಲ್ಲೊ ಅಂತ ಅಷ್ಟ."

ಹೇಳಿ ಮುಗಿಸಿದ ಮೇಲೆ ಮಗಳು ಎದ್ದು ಹೋಗುತ್ತಾಳೆ, ಚಿಲಕ ಹಾಕಿಕೊಳ್ಳುತ್ತಾಳೆ, ಇನ್ನು ತೆಗೆಯುವುದಿಲ್ಲ ಎಂದು ಶಿವಗಂಗವ್ವ ಕಾದಳು. ದಾನಮ್ಮ ಏಳಲಿಲ್ಲ. ತನ್ನ ಬೆರಳ ಗೆಣ್ಣಿನ ಮೇಲಿನ ಗಾಯವನ್ನು ಇನ್ನೊಂದು ಕೈಯಿಂದ ತಿಕ್ಕುತ್ತ ಕೂತಿದ್ದಳು. ಮುಖದಲ್ಲಿ ಕ್ಷಮೆಯಂಥದ್ದು ಏನೂ ಇರಲಿಲ್ಲ. ಆದರೆ ಬುಧವಾರದಿಂದ ಬಿಗಿದುಕೊಂಡಿದ್ದ ದವಡೆ ಸ್ವಲ್ಪ ಇಳಿದಿತ್ತು, ಭಾರದ ಗಂಟನ್ನು ಇಳಿಸಲು ಯಾರೋ ಇನ್ನೊಂದು ಕಡೆ ಕೈ ಕೊಟ್ಟಾಗ ಇಳಿಯುವಷ್ಟು. ಅವಳು ಬಟ್ಟಲನ್ನು ಎಳೆದುಕೊಂಡು ಒಳಗೆ ನೋಡಿದಳು. ನುಚ್ಚಿನ ಮೇಲೆ ಕೆನೆ ಕಟ್ಟಿತ್ತು.

ಬಿಸಿ ಮಾಡಿ ತರುತ್ತೇನೆಂದು ಶಿವಗಂಗವ್ವ ನೆಲಕ್ಕೆ ಕೈಯೂರಿದಳು.

"ಏಳಬ್ಯಾಡ," ಎಂದಳು ದಾನಮ್ಮ. "ನಾ ಒಬ್ಬಾಕೀನ ಇದ್ರ ಇದನ್ನ ಹಿತ್ತಲಕ್ಕ ಒಯ್ತೀನಿ. ಕುಂದ್ರು."

ಶಿವಗಂಗವ್ವ ಕೂತಳು. ಮಗಳ ಮೊದಲ ತುತ್ತು ಅರ್ಧ ಮಡಿಲಿಗೆ ಚೆಲ್ಲಿತು. ಎರಡನೆಯದು ಬಾಯಿಯಲ್ಲಿ ಬಹಳ ಹೊತ್ತು ನಿಂತಿತು. ಕರೆಂಟು ಬಂದು ಓಣಿಯ ಮಗ್ಗಗಳು ಒಂದರ ಹಿಂದೊಂದು ಖಡಖಡ ಎಂದು ಶುರುವಾದವು, ಗೋಡೆ ನೆಲ ಎಲ್ಲ ಅದುರತೊಡಗಿತು, ಮಗಳು ನುಂಗಿದ ಸದ್ದು ಆ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಗಂಟಲು ಅಲುಗಿದ್ದನ್ನು ಮಾತ್ರ ನೋಡಿದಳು. ಆಮೇಲೆ ಏನಾಗುತ್ತದೋ ಎಂದು ಮುಂದಿನ ಗಳಿಗೆಗೆ ಅಂಜುತ್ತ, ಕಾಲು ಜೋಮು ಹಿಡಿದರೂ ಬದಲಿಸದೆ, ಏಳದೆ ಕೂತಳು.